ತಾರೀಖು ಕೇಳಿದ ಸ್ಟೈಲ್‌ಶೀಟ್

ರಾಯಚೂರಿನ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬರೆದ ಸ್ಟೈಲ್‌ಶೀಟಿನ, ಅಂದರೆ ಪುಟ ಜೋಡಿಸಲು ಕಂಪ್ಯೂಟರಿಗೆ ಕೊಡುವ ಸೂಚನೆಗಳ ಪಟ್ಟಿಯ, ಬಗ್ಗೆ ನನಗೆ ಸಣ್ಣ ಜಂಬವಿತ್ತು. ವರದಿಗಾರರ ಸುದ್ದಿಯನ್ನು ಅದಕ್ಕೆ ಕೊಟ್ಟರೆ ತಲೆಬರಹ, ಊರು, ನಾಳಿನ ತಾರೀಖು ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತು ಪುಟ ಸಿದ್ಧವಾಗುತ್ತಿತ್ತು. ದೇವದುರ್ಗದ ಕಚೇರಿಗೆ ಒಯ್ದೆ, ಅಲ್ಲೂ ಓಡಿತು. ಅಲ್ಲೇ ಹತ್ತಿರದ ಗೂಗಲ್ ಎಂಬ ಹಳ್ಳಿಯ ಸುದ್ದಿ ಅರೆನಿಮಿಷದಲ್ಲಿ ಪುಟವಾದದ್ದು ಕಂಡು ಅಲ್ಲಿಯವರು ಚಹಾದ ಜೊತೆ ಮಿರ್ಚಿ ಭಜಿಯನ್ನೂ ತರಿಸಿದರು.

ಅದೇ ಉಮೇದಿನಲ್ಲಿ ಮಾನ್ವಿಗೆ ಹೋದೆ. ಅಲ್ಲಿನ ವರದಿಗಾರ್ತಿ ನನಗಿಂತ ಹಿರಿಯರು. ಮಾನ್ವಿಗೆಂದೇ ಒಂದು ಪುಟ ಬೇಕೆಂದು ವರ್ಷಗಟ್ಟಲೆ ಕೇಳಿ ಕೊನೆಗೆ ಪಡೆದಿದ್ದರು. ಮೊದಲ ಪುಟ ಅಂದು ಸಂಜೆ ಐದರೊಳಗೆ ರಾಯಚೂರು ತಲುಪಬೇಕಿತ್ತು. ತಪ್ಪಿದರೆ ಆ ಜಾಗಕ್ಕೆ ಜಾಹೀರಾತು. ನಾಲ್ಕೂವರೆಗೆ ಗುಂಡಿ ಒತ್ತಿದೆ. ಪುಟ ಬರಲಿಲ್ಲ. ತಾರೀಖು ಹೇಳುವ ಫಂಕ್ಷನ್ ಗೊತ್ತಿಲ್ಲ ಎಂಬ ಒಂದು ಸಾಲು ಬಂತು.

“ಏನಂತದೋ ತಮ್ಮಾ ಅದು?”

“ತಾರೀಖು ಗೊತ್ತಿಲ್ಲ ಅಂತದ, ಅಕ್ಕಾ.”

“ಅಯ್ಯ, ಗ್ವಾಡಿ ಮ್ಯಾಲ ಕ್ಯಾಲೆಂಡರ್ ಅದಲ್ಲೋ! ತೋರಿಸು ಅದಕ್ಕ.”

ಸ್ಟೈಲ್‌ಶೀಟ್ ಬರೆಯುವ ಕಂಪ್ಯೂಟರ್ ಭಾಷೆಯ ನಮ್ಮ ಹಳೆಯ ಆವೃತ್ತಿಗೆ ಇವತ್ತು ಯಾವ ದಿನ ಎಂದೇ ತಿಳಿಯದು. ರಾಯಚೂರು, ದೇವದುರ್ಗಗಳಲ್ಲಿದ್ದ ತಂತ್ರಾಂಶವನ್ನು ಮಾಡಿದವರು ತಾರೀಖು ಹೇಳುವ ಫಂಕ್ಷನ್ನನ್ನು ತಾವೇ ಹೆಚ್ಚುವರಿಯಾಗಿ ಸೇರಿಸಿದ್ದರು. ಮಾನ್ವಿಯ ತಂತ್ರಾಂಶ ಬೇರೆಯವರದು, ಅದರಲ್ಲಿ ಅದಿರಲಿಲ್ಲ. ನಾನು ಅದನ್ನು ಭಾಷೆಯ ಆಸ್ತಿ ಎಂದೇ ತಿಳಿದಿದ್ದೆ. ಪೋತ್ನಾಳದ ಸುದ್ದಿ ತಯಾರು, ಮಲ್ಲಟದ್ದೂ ತಯಾರು, ದಿನವೊಂದೇ ಇಲ್ಲ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವರು ಗಡಿಯಾರ ನೋಡುತ್ತಿದ್ದರು.

“ನಾ ಪ್ರತಿ ಸುದ್ದಿ ಮ್ಯಾಲ ನಾಳಿನ ತಾರೀಖು ಬರದೀನಲ್ಲೋ. ಅದನ್ನ ಓದಾಕ ಬರಂಗಿಲ್ಲೇನು ನಿನ್ನ ಮಿಷನ್ನಿಗೆ?”

ಬರೆದಿದ್ದರು. ಸುದ್ದಿಯ ಲಕೋಟೆಯನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದ ಕಾಲದ ರೂಢಿ ಅದು. ಲಕೋಟೆ ಒಂದು ದಿನ ತಡವಾದರೂ ಯಾವ ಸಂಚಿಕೆಯ ಸುದ್ದಿ ಎಂದು ಡೆಸ್ಕಿನವರಿಗೆ ತಿಳಿಯಲೆಂದು ಹಾಳೆಯ ನೆತ್ತಿಯಲ್ಲಿ ಸಂಚಿಕೆಯ ತಾರೀಖು ಹಾಕುತ್ತಿದ್ದರು. ಬಸ್ಸು ಬಿಟ್ಟರೂ ರೂಢಿ ಬಿಟ್ಟಿರಲಿಲ್ಲ. ನಾನೇ ಆ ಸಾಲನ್ನು ಬೇಡವೆಂದು ಅಳಿಸುವಂತೆ ಸ್ಟೈಲ್‌ಶೀಟಿಗೆ ಹೇಳಿದ್ದೆ!

ಆ ಫಂಕ್ಷನ್ ಕಿತ್ತೆ. ಮೊದಲ ಸುದ್ದಿಯ ನೆತ್ತಿಯ ತಾರೀಖನ್ನೇ ಪುಟಕ್ಕೆ ಹಾಕು ಎಂದು ಬರೆದೆ. ಅಷ್ಟು ಕೆಲಸ ಯಾವ ತಂತ್ರಾಂಶಕ್ಕಾದರೂ ಗೊತ್ತು. ಐದಕ್ಕೆ ಎಂಟು ನಿಮಿಷ ಇರುವಾಗ ಪುಟ ಹೊರಟಿತು. ರಾಯಚೂರಿನಿಂದ ಫೋನ್ ಬಂತು: “ಮಾನ್ವಿ ಪುಟ ಬಂತ್ರೀ.”

ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿದರು.

“ಏನಂದ್ರಿ? ಇನ್ನೊಮ್ಮೆ ಹೇಳ್ರಿ.”

ಮೂರು ಸಲ ಹೇಳಿಸಿದರು.