ಮಕ್ತಲ್ ಏಜೆಂಟರ ದನಿಯಲ್ಲಿ ನಾನು ಹೇಳಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಭಾವ ಯುದ್ಧದ ನಡುವೆ ಸಿಕ್ಕಿಕೊಂಡದ್ದು ನನ್ನಿಂದ. ಕೊಲ್ಲಿ ದೇಶಗಳಿಗೆ ನೌಕರಿಗೆ ಜನ ಕಳಿಸುವ ಮಕ್ತಲ್ ಏಜೆಂಟರ ದನಿ ತೆಗೆದು, ಅವರು ಹೇಳದ ಮಾತನ್ನು ಅಕ್ಕನ ಮುಂದೆ ಹೇಳಿದವನು ನಾನು. ಆ ದಿನ ದನಿ ಬಹಳ ಚೆನ್ನಾಗಿ ಬಂದಿತ್ತು, ಅದೇ ಆದ ಅನಾಹುತ.

ನಾರಾಯಣಪೇಟೆಯಲ್ಲಿ ನಾನು ಎದುರಾದರೆ ಜನ ಹೇಗಿದ್ದೀ ಎಂದು ಕೇಳುವುದಿಲ್ಲ. "ಇವತ್ತು ಯಾರಾಗಿದ್ದೀಯಲೇ?" ಎನ್ನುತ್ತಾರೆ. ಸೀರೆ ಸಾಹುಕಾರರು ಕೆಮ್ಮಿ ಕೆಮ್ಮಿ ಬೆಲೆ ಇಳಿಸುವುದು, ಗದ್ವಾಲ ಬಸ್ಸಿನ ಕಂಡಕ್ಟರು ಮೂಗಿನಲ್ಲೇ ಊರುಗಳ ಹೆಸರು ಕೂಗುವುದು, ಟಿವಿ ಮುಂದೆ ಕೂತ ಯುದ್ಧ ಪಂಡಿತರು ಮೀಸೆ ತೀಡುವುದು, ಎಲ್ಲವೂ ನನ್ನ ಅಣಕಿನಲ್ಲಿ ಸಿಗುತ್ತದೆ. ನಲವತ್ತೆಂಟು ಕಿಲೋ ಮೈಯಲ್ಲಿ ಮೂವತ್ತು ಮಂದಿ ಬಾಡಿಗೆಗಿದ್ದಾರೆ. ಹೊಟ್ಟೆಪಾಡಿಗೆ ನನ್ನ ಕೆಲಸ ನೂಲು ಸಾಗಿಸುವುದು. ಬೈಕಿನ ಹಿಂದೆ ಗಂಟು ಕಟ್ಟಿಕೊಂಡು ನಾರಾಯಣಪೇಟೆ, ಮಕ್ತಲ್, ಗದ್ವಾಲ ಸುತ್ತಿ, ಮಗ್ಗದವರಿಗೆ ನೂಲು ಕೊಟ್ಟು ಅಂಗಡಿಗಳಿಗೆ ಸೀರೆ ತಲುಪಿಸುತ್ತೇನೆ. ನಿಂತಲ್ಲೆಲ್ಲ ಒಂದಿಷ್ಟು ನಗಿಸುತ್ತೇನೆ.

ಆ ವರ್ಷ ನನಗೆ ಟಿವಿಯಲ್ಲಿ ಹೊಸ ಗಿರಾಕಿಯೊಬ್ಬ ಸಿಕ್ಕಿದ್ದ. ದೂರದ ದೊಡ್ಡ ದೇಶದ ದೊಡ್ಡ ಮನುಷ್ಯ. ಎರಡು ಬೆರಳಿಂದ ಮೇಜು ಕುಟ್ಟುತ್ತ, ಒಂದೊಂದು ಮಾತಿನ ನಡುವೆ ಲೋಟ ನೀರು ಕುಡಿಯುವಷ್ಟು ಬಿಡುವು ಕೊಟ್ಟು, "ನಮ್ಮ ಬಳಿ... ಖಚಿತ... ಮಾಹಿತಿ ಇದೆ" ಎನ್ನುತ್ತಿದ್ದ. ಕೊಲ್ಲಿಯ ದಂಡೆಯಲ್ಲಿ ಎಲ್ಲೋ ನೆಲದಡಿ ಭಯಂಕರ ಆಯುಧ ಅಡಗಿಸಿದ್ದಾರಂತೆ, ಕಾಯಲು ಹೊತ್ತಿಲ್ಲವಂತೆ. ನಮ್ಮ ಚಾನೆಲ್ಲಿನವರು ಅದನ್ನೇ ಕನ್ನಡದಲ್ಲೂ ತೆಲುಗಿನಲ್ಲೂ ಕಿರುಚುತ್ತಿದ್ದರು. ನಾನು ಚಹಾದಂಗಡಿಯ ಮೇಜು ಕುಟ್ಟಿ ಅವನಾಗುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಅವನ ದನಿ ಬಂತೆಂದರೆ ಅವನ ಮನಸ್ಸೂ ತಿಳಿಯಿತು ಎಂದುಕೊಂಡಿದ್ದೆ. "ಇವ ಬರೀ ಒದರತಾನ, ಬಡಿಯೋದಿಲ್ಲ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಅದೇ ಕೊಲ್ಲಿಯ ದಂಡೆಯಲ್ಲಿ ನನ್ನ ಭಾವ ಕಂಪನಿಯ ಕ್ಯಾಂಪಿನಲ್ಲಿದ್ದು ಲಾರಿ ಓಡಿಸುತ್ತಿದ್ದ. ಮಕ್ತಲ್ ಏಜೆಂಟರೇ ಅವನನ್ನು ಕಳಿಸಿದ್ದು. ರಜೆಯ ಮೇಲೆ ಬರಲು ಶುಕ್ರವಾರಕ್ಕೆ ಟಿಕೆಟ್ ಆಗಿತ್ತು. ಆದರೆ ಈಗ ಊರಿಗೆ ಹೋದವರನ್ನು ಮತ್ತೆ ಕರೆಸುವುದಿಲ್ಲ ಎಂದು ಅಲ್ಲಿನ ಮ್ಯಾನೇಜರ್ ಹೆದರಿಸಿದ್ದ. ಬರುವುದೋ, ಇರುವುದೋ? ಭಾವ ಆ ಮಾತನ್ನು ಅಕ್ಕನಿಗೆ ಬಿಟ್ಟ. ಅಕ್ಕ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿಂದಲೇ ನನ್ನನ್ನು ಕರೆದಳು.

"ತಮ್ಮಾ, ನಾಳೆ ಮಕ್ತಲ್‌ಗೆ ಹೋಗ್ತಿಯಲ್ಲ, ಏಜೆಂಟ್‌ರನ್ನ ಎದುರಿಗೆ ನಿಂತು ಕೇಳು. ಹಂಗ ಗದ್ವಾಲಕ ಹೋಗಿ ಆ ಕ್ರೇನ್ ಅಣ್ಣನ್ನೂ ಕೇಳು. ಅವರು ನಿಮ್ಮ ಭಾವ ಇರೋ ಕ್ಯಾಂಪಿನ್ಯಾಗ ನಾಕು ವರ್ಷ ಕ್ರೇನ್ ಓಡಿಸಿ ಬಂದಾರ. ಇಬ್ಬರೂ ಏನಂತಾರ ನೋಡಿ ನಿಮ್ಮ ಭಾವಂಗ ಹೇಳೂಣು."

"ಇಬ್ಬರು ಯಾಕಬೇ? ನಾನೊಬ್ಬ ಸಾಲಂಗಿಲ್ಲೇನು?"

"ನೀ ಒಬ್ಬ ಎಲ್ಲಿದ್ದೀಯೋ, ಮೂವತ್ತು ಮಂದಿ ಇದ್ದೀ. ಅದಕ್ಕ ಹೇಳಾಕತ್ತೀನಿ, ನೆಟ್ಟಗ ಕೇಳ್ಕೊಂಡು ಬಾ."

ಮಕ್ತಲ್‌ನಲ್ಲಿ ಏಜೆಂಟರ ಆಫೀಸು ಮಾಳಿಗೆಯ ಮೇಲೆ, ಕೆಳಗೆ ಚಹಾದಂಗಡಿ. ಅಂಗಡಿಯಲ್ಲಿ ಗೆಳೆಯರು ಹಿಡಿದು ಕೂರಿಸಿದರು. ದೊಡ್ಡ ಮನುಷ್ಯನನ್ನು ಮಾಡು ಎಂದರು. ಮಾಡಿದೆ. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಮಾಡಿದೆ. ಮೇಲಿನ ಕಿಟಕಿಯಲ್ಲಿ ಏಜೆಂಟರ ತಲೆ ಕಾಣುತ್ತಿತ್ತು, ಹತ್ತಬೇಕಾದದ್ದು ಹನ್ನೆರಡು ಮೆಟ್ಟಿಲು. ನಗು ಕೇಳುತ್ತ ಕೇಳುತ್ತ ಮಧ್ಯಾಹ್ನ ಮೂರಾಯಿತು. ಹೇಗೂ ಯುದ್ಧ ಆಗುವುದಿಲ್ಲ ಎಂಬುದು ನನಗೆ ಗೊತ್ತೇ ಇದೆಯಲ್ಲ, ಗದ್ವಾಲಕ್ಕೆ ಯಾಕೆ ಹೋಗಲಿ ಎಂದು ಬೈಕು ಮನೆಯ ಕಡೆ ತಿರುಗಿಸಿದೆ.

"ಕೇಳಿದ್ಯಾ?" ಎಂದಳು ಅಕ್ಕ.

ಆಗ ನಾನು ಬೆಲ್ಟಿನಲ್ಲಿ ಹೆಬ್ಬೆರಳು ಸಿಕ್ಕಿಸಿ, ಹೊಟ್ಟೆ ಮುಂದೆ ಬಿಟ್ಟು, ಗಂಟಲು ಕೆರೆದು, ತೆಲುಗು ಹಿಂದಿ ಬೆರೆಸಿ ಮಾತಾಡುವ ಏಜೆಂಟರಾದೆ. "ಏಂ ಕಾದಮ್ಮಾ! ಫಿಕರ್ ಮತ್ ಕರೋ! ಜಗಳ ಟಿವ್ಯಾಗ ಐತಿ, ಕ್ಯಾಂಪಿನ್ಯಾಗ ಇಲ್ಲ. ಈಗ ಬಂದ್ರ ನೌಕರಿ ಹೋಗ್ತೈತಿ, ಇದ್ರ ಏನೂ ಆಗಂಗಿಲ್ಲ!"

ಅಕ್ಕ ನಕ್ಕಳು. ಮುಖದ ಬಿಗಿ ಸಡಿಲಾಯಿತು. "ಗದ್ವಾಲದವರು?"

"ಅವರೂ ಅದನ್ನ ಅಂದ್ರು."

ಎರಡನೆಯ ಸುಳ್ಳಿಗೆ ದನಿ ಬದಲಿಸುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

ಅವಳು ಆಗಲೇ ಫೋನ್ ಮಾಡಿ ಭಾವನಿಗೆ ಇರು ಎಂದಳು. ಭಾವ ನನ್ನ ಎಲ್ಲ ಆಟಗಳಿಗೂ ಅತಿ ಜೋರಾಗಿ ನಗುವವನು. "ಏಜೆಂಟ್ ಹೆಂಗಂದಾನ, ಮಾಡಿ ತೋರಿಸಲೇ" ಎಂದ. ಮತ್ತೆ ಮಾಡಿದೆ. ಅವನ ನಗು ಫೋನಿನಿಂದ ಮಗ್ಗದ ತನಕ ಕೇಳಿತು. ಟಿಕೆಟ್ ರದ್ದಾಯಿತು.

ಭಾನುವಾರ ಮೊದಲ ಬಾಂಬು ಬಿತ್ತು. ಸೋಮವಾರದಿಂದ ಭಾವನ ಫೋನು ಸತ್ತಿತು. ಹನ್ನೊಂದು ದಿನ.

ಆ ದಿನಗಳಲ್ಲೇ ಅಕ್ಕನ ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲು, ಮುಗಿಯಿತು. ನಮ್ಮಲ್ಲಿ ಒಂದೇ ಉದ್ದ ಹಾಸಿನಲ್ಲಿ ಎಂಟು ಸೀರೆ ನೇಯುತ್ತಾರೆ. ಹಳೆಯ ಹಾಸಿನ ತುದಿಗೆ ಹೊಸದರ ಎಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಕೂಡಿಸಬೇಕು. ಒಂದು ಎಳೆ ಅಡ್ಡ ಬಿದ್ದರೆ ಆ ತಪ್ಪು ಮೊದಲನೆಯ ಸೀರೆಯಿಂದ ಎಂಟನೆಯದರ ಸೆರಗಿನವರೆಗೂ ಓಡುತ್ತದೆ. ಅದಕ್ಕೇ ನಮ್ಮ ಓಣಿಯಲ್ಲಿ ಒಂದು ಕಟ್ಟಳೆ: ಎಳೆ ಕೂಡಿಸಿದವರು ತಾವೇ ಅದನ್ನು ಪರೀಕ್ಷಿಸುವಂತಿಲ್ಲ, ಬೇರೆ ಮನೆಯವರು ಬಂದು ನೋಡಬೇಕು. ಕೂಡಿಸಿದ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದಂತೆ. ಗಂಡ ಬದುಕಿದ್ದಾನೋ ಇಲ್ಲವೋ ತಿಳಿಯದ ಆ ವಾರದಲ್ಲೂ ಅಕ್ಕ ಎಳೆ ಕೂಡಿಸಿ, ಎದುರುಮನೆಯ ಅಜ್ಜಿಯನ್ನು ಕರೆದಳು. ಅಜ್ಜಿ ಹಾಸಿನ ಮೇಲೆ ಬಗ್ಗಿ, ಅಂಗೈ ಸವರಿ, "ಇಲ್ಲೊಂದು ಅಡ್ಡ ಬಿದ್ದೈತಿ ನೋಡವ್ವ" ಎಂದರು. ಅಕ್ಕ ಅದನ್ನು ಬಿಚ್ಚಿ ಮತ್ತೆ ಕೂಡಿಸಿದಳು.

ನಾನು ಅಲ್ಲಿ ನಿಲ್ಲಲಾರದೆ ಗದ್ವಾಲಕ್ಕೆ ಹೊರಟೆ. ಜೂರಾಲ ಅಣೆಕಟ್ಟು ದಾಟುವಾಗ ಎದುರುಗಾಳಿಗೆ ಬೈಕು ಓಲಾಡಿತು. ಕ್ರೇನ್ ಅಣ್ಣ ನನ್ನ ಮಾತು ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಆ ಕ್ಯಾಂಪಿನ ಗೋಡಿ ಆಚೆಗೇ ಎಣ್ಣಿ ಟ್ಯಾಂಕಿ ಅದಾವಪಾ. ಜಗಳ ಆದ್ರ ಮೊದಲು ಹೊಡಿಯೋದು ಅದನ್ನ. ಅಲ್ಲಿ ಇದ್ದವರಿಗೆಲ್ಲ ಗೊತ್ತೈತಿ. ಮೊದಲ ಕೇಳಿದ್ರ ಓಡಿ ಬಾ ಅಂತಿದ್ದೆ. ಒಬ್ಬರಾದ್ರೂ ಕೇಳಬಾರದೇನು?"

ಹನ್ನೆರಡನೆಯ ದಿನ ಭಾವನ ದನಿ ಕೇಳಿತು, ತಿಂಗಳ ಮೇಲೆ ಭಾವ ಬಂದ. ಎಣ್ಣೆ ಟ್ಯಾಂಕಿ ಸಿಡಿದಾಗ ಅವನ ಪಕ್ಕದ ಮಂಚದ ಒಡಿಶಾದವನು ಸತ್ತಿದ್ದ. ಭಾವನ ಎಡಗಿವಿ ಪೂರಾ ಹೋಗಿತ್ತು, ಬಲಗಿವಿಯಲ್ಲಿ ದಿನವಿಡೀ ಸೀಟಿ ಊದಿದ ಹಾಗಂತೆ. ನನ್ನನ್ನು ಕಂಡು ಖುಷಿಯಿಂದ "ಏಜೆಂಟನ್ನ ಮಾಡಲೇ" ಎಂದ. ನಾನು ಅವನ ಚೀಲ ಎತ್ತಿಕೊಂಡು ಒಳಗೆ ನಡೆದೆ. ನಿಜವಾದ ಏಜೆಂಟರು ಒಂದು ಚೀಲ ಮೋಸಂಬಿ ಹಿಡಿದು ನೋಡಲು ಬಂದರು. "ಆವಾಗ ನನ್ನ ಕೇಳಾಕ ಯಾರೂ ಬರ್ಲಿಲ್ಲಲ್ಲಮ್ಮಾ, ಬಂದಿದ್ರ ವಾಪಸ್ ಕರಸ್ರಿ ಅಂತಿದ್ದೆ" ಎಂದು ಅಕ್ಕನೆದುರೇ ಹೇಳಿ ಹೋದರು. ಅಕ್ಕ ನನ್ನ ಕಡೆ ನೋಡಲೂ ಇಲ್ಲ. ಮೋಸಂಬಿ ಸುಲಿದು ಭಾವನ ಕೈಗೆ ಕೊಟ್ಟಳು.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಟಿವಿಯಲ್ಲಿ ಅದೇ ದೊಡ್ಡ ಮನುಷ್ಯ. ಅವನ ದೇಶದವರೇ ಹುಡುಕಿ ನೋಡಿದರಂತೆ, ಆಯುಧ ಇರಲೇ ಇಲ್ಲವಂತೆ. ಆ ಖಚಿತ ಮಾಹಿತಿ ಬಂದದ್ದು ಒಬ್ಬನೇ ಒಬ್ಬನ ಬಾಯಿಂದ. ಇವನಿಗೆ ಏನು ಕೇಳಿದರೆ ಇಷ್ಟವೋ ಅದನ್ನೇ ಅವನು ಹೇಳಿದ್ದ. ಅನುಮಾನಪಟ್ಟ ಅಧಿಕಾರಿಗಳ ಕಾಗದವನ್ನು ಇವನ ಮೇಜಿನವರೆಗೆ ಬರಗೊಡಲೇ ಇಲ್ಲ. ಈಗ ಆ ಮನುಷ್ಯ ಮೇಜು ಕುಟ್ಟದೆ, ಕೈ ಜೋಡಿಸಿಕೊಂಡು, "ಆ ಹೊತ್ತಿಗೆ ನನ್ನ ಬಳಿ ಇದ್ದ ಮಾಹಿತಿ ಹಾಗಿತ್ತು" ಎಂದ. ಅಷ್ಟೇ. ಎದ್ದು ಹೋದ.

ನನ್ನ ಮೈಯೆಲ್ಲ ಉರಿಯಿತು. ಊರುಗಳು ಸುಟ್ಟು ಬೂದಿಯಾಗಿ, ಒಡಿಶಾದವನು ಪೆಟ್ಟಿಗೆಯಲ್ಲಿ ಮನೆಗೆ ಹೋಗಿ, ಇವನು ಮಾತ್ರ ಕರವಸ್ತ್ರದಲ್ಲಿ ತುಟಿ ಒರೆಸಿಕೊಂಡು ಊಟಕ್ಕೆ ಹೊರಟಿದ್ದ! ಕೊಲ್ಲಲು ಮಾಹಿತಿ ಬೇಕು, ಕೊಂದ ಮೇಲೆ ತಪ್ಪು ಆ ಮಾಹಿತಿಯದು. ಮಾಹಿತಿಗೆ ಕೈಕಾಲು ಇಲ್ಲ, ಅದನ್ನು ಜೈಲಿಗೆ ಹಾಕಲು ಬರುವುದಿಲ್ಲ. ಎಂಥ ಆರಾಮದ ಕಸುಬು! ನಾನು ಎದ್ದು ನಿಂತು ಅವನ ದನಿಯಲ್ಲೇ ಅವನನ್ನು ಬೈದೆ. ಮೇಜು ಇರಲಿಲ್ಲ, ಗೋಡೆ ಕುಟ್ಟಿದೆ. ಭಾವ ಬಲಗಿವಿ ನನ್ನ ಕಡೆ ತಿರುಗಿಸಿ, ಅದರ ಹಿಂದೆ ಅಂಗೈ ಮರೆ ಹಿಡಿದು, ಅರ್ಧ ಕೇಳಿ ಅರ್ಧ ಊಹಿಸುತ್ತಿದ್ದ.

"ಒಬ್ಬನ್ನ ಕೇಳಿ ಯುದ್ಧ ಮಾಡ್ತಾನಂದ್ರ ಅವನೇನು ಮನುಷ್ಯನಾ ಅಕ್ಕಾ? ಇನ್ನೊಬ್ಬನ್ನ ಕೇಳಿದ್ರ ಅವನ ಗಂಟು ಏನು ಹೋಗ್ತಿತ್ತು? ಅವನ್ನ ಕಟ್ಟಿಹಾಕಿ ಬಡೀಬೇಕು!"

ಅಕ್ಕನ ಲಾಳಿ ಅತ್ತಿಂದಿತ್ತ ಓಡುತ್ತಲೇ ಇತ್ತು. ಆ ಸದ್ದು ನನ್ನನ್ನು ಇನ್ನಷ್ಟು ಮಾತಾಡಿಸಿತು. ಯಾರೂ ಕೇಳದೆಯೇ ಹೇಳಿದೆ: "ನಂದು ಬ್ಯಾರೆ ಬಿಡು. ನಾನೇನು ಕೇಡು ಬಯಸಿದ್ದಿಲ್ಲ. ನಿನ್ನ ಜೀವಕ್ಕ ಸಮಾಧಾನ ಆಗಲಿ ಅಂತ ಹೇಳಿದ್ದು. ಆ ಹೊತ್ತಿಗೆ ನನಗ ಗೊತ್ತಿದ್ದದ್ದು ಅಷ್ಟ..."

ಲಾಳಿ ನಿಂತಿತು. ಅಕ್ಕ ಕುಣಿಯಿಂದ ಕಾಲು ಮೇಲೆಳೆದುಕೊಂಡು, ಅಷ್ಟು ತಿಂಗಳಲ್ಲಿ ಮೊದಲ ಸಲ ನೇರ ನನ್ನ ಮುಖ ನೋಡಿದಳು.

"ಎಂಟು ಸೀರಿಗೆ ನಾನು ಎದುರುಮನಿ ಅಜ್ಜಿನ್ನ ಕೈ ಹಿಡಿದು ಕರಕೊಂಡು ಬರ್ತೀನಿ. ಇವರ ಜೀವಕ್ಕ ನೀನು ಏಜೆಂಟನ ಆಫೀಸಿನ ಹನ್ನೆರಡು ಮೆಟ್ಟಲಾನೂ ಹತ್ತಲಿಲ್ಲ. ಟಿವ್ಯಾಗಿನವನ ದನಿ ಸಾಕು, ಏಜೆಂಟನ ದನಿನೂ ಸಾಕು. ಈಗ ನಿನ್ನ ದನ್ಯಾಗ ನಿಮ್ಮ ಭಾವನ ಬಲಗಿವ್ಯಾಗ ಹೇಳು, ಆ ಇಬ್ಬರ್‍ಯಾರನ್ನೂ ನಾನು ಕೇಳಿದ್ದಿಲ್ಲಂತ."