ಬೀಗದ ಕೈ ಯಾರ ಸೊಂಟದಲ್ಲಿ?

ನಮ್ಮ ಇಂಗ್ಲಿಷ್ ಮೇಡಂ ಕುರ್ಚಿಯಲ್ಲಿ ಕುಳಿತದ್ದನ್ನು ನಾನು ನೋಡಿದ್ದೇ ಇಲ್ಲ. ಸೀರೆಯ ಅಂಚಿಗೆ ಸದಾ ಸೀಮೆಸುಣ್ಣದ ಪುಡಿ, ಹಿಮ್ಮಡಿಯಲ್ಲಿ ಸವೆದ ಚಪ್ಪಲಿ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಪಾಠ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರು ಎಂದು ಉಡುಪಿಯ ಕಾಲೇಜಿನಲ್ಲಿ ನಾವು ಹುಡುಗಿಯರು ಆಡಿಕೊಳ್ಳುತ್ತಿದ್ದೆವು. ಕಾಪುವಿನ ಬಾಡಿಗೆ ಕೋಣೆಯಲ್ಲಿ ಅವರು ಒಬ್ಬರೇ ಇದ್ದರು.

ಎಪ್ಪತ್ತರ ದಶಕದ ಮಾತು. ನಮಗೆ ಪಠ್ಯವಾಗಿದ್ದದ್ದು ಒಬ್ಬ ಇಂಗ್ಲಿಷ್ ಲೇಖಕಿಯ ಹಳೆಯ ಕಾದಂಬರಿ. ನಾವು ಅದರಲ್ಲಿ ಪ್ರೇಮ ಹುಡುಕಿದರೆ ಮೇಡಂ ಗದರುತ್ತಿದ್ದರು: "ಮದುವೆ ಆಮೇಲೆ ನೋಡುವ. ಮೊದಲು ಆ ಹುಡುಗಿಗೆ ಮಲಗಲಿಕ್ಕೆ ಜಾಗ ಉಂಟಾ ನೋಡಿ." ಜಾಗವಿರಲಿಲ್ಲ. ಅಪ್ಪ ಸತ್ತ ಮೇಲೆ ಮನೆ ಯಾವನೋ ಗಂಡು ನೆಂಟನ ಪಾಲಾಗಿತ್ತು.

ನಾನು ಕಾರ್ಕಳದ ಕಡೆಯ ಬಂಟರ ಹುಡುಗಿ. ಜಂಬದಿಂದ ಎದ್ದು ನಿಂತೆ. "ನಮ್ಮಲ್ಲಿ ಅಳಿಯಕಟ್ಟು ಮೇಡಂ, ಮನೆ ತಾಯಿಯಿಂದ ಮಗಳಿಗೆ. ಈ ಕಾದಂಬರಿಯ ಹುಡುಗಿಗೆ ನಮ್ಮ ಊರಲ್ಲಿ ಹುಟ್ಟಲಿಕ್ಕೆ ಎಂತ ಆಗಿತ್ತು?"

ತರಗತಿ ನಕ್ಕಿತು. ಮೇಡಂ ನಡೆಯುವುದನ್ನು ನಿಲ್ಲಿಸಿದರು. "ಒಳ್ಳೆಯದು ಮಾರಾಯ್ತಿ. ಬೀಗದ ಕೈ ಯಾರ ಸೊಂಟದಲ್ಲಿ ಉಂಟು?"

ಮಾವನ ಸೊಂಟದಲ್ಲಿತ್ತು. ಅಮ್ಮನ ಅಣ್ಣ. ಭತ್ತ ಮಾರುವುದು ಅವರು, ಮನೆಗೆ ಯಾರು ಬರಬೇಕೆನ್ನುವುದು ಅವರು. ಅಂದಿನಿಂದ ಅನ್ನ ಉಣ್ಣುವಾಗಲೂ ನನ್ನ ಕಣ್ಣು ಆ ಗೊಂಚಲಿನ ಮೇಲೆಯೇ. ಪರೀಕ್ಷೆ ಹತ್ತಿರವಾದಾಗ ಮಾವ ಓದಿದ್ದು ಸಾಕೆಂದು ಗಂಡು ಗೊತ್ತು ಮಾಡಿ ಬಂದರು.

ಸುದ್ದಿ ಕೇಳಿದ ಮೇಡಂ ಮುಂದಿನ ಭಾನುವಾರವೇ ಬಸ್ಸು ಬದಲಿಸಿ ಮನೆಗೆ ಬಂದುಬಿಟ್ಟರು. ಬೆಲ್ಲ ನೀರು ಕೊಟ್ಟರೂ ಕೂರಲಿಲ್ಲ. ಮಾವ ಗಂಟಲು ಸರಿಮಾಡಿಕೊಂಡರೆ, ಇವರು ಅಮ್ಮನ ಕಡೆ ತಿರುಗಿದರು.

"ಅಕ್ಕ, ಈ ಮನೆ ಯಾರದ್ದು?"

"ನನ್ನದೇ ಅಲ್ವಾ."

"ಹಾಗಾದರೆ ಮಗಳ ಓದು ನಿಲ್ಲಿಸಿದ್ದು ನೀವಾ?"

ಅಮ್ಮ ಸೆರಗಿನ ತುದಿ ಹಿಂಡುತ್ತಾ ನಿಂತಳು. ಮೇಡಂ ಜಗಲಿಯಲ್ಲಿ ಶತಪಥ ತಿರುಗುತ್ತಿದ್ದರು. ಅಣ್ಣನಿಗೆ ಎಂದೂ ಎದುರಾಡದ ಅಮ್ಮ ಕೊನೆಗೆ, "ಅವಳು ಓದಲಿ ಅಣ್ಣ" ಎಂದಳು. ಮಾವ ಎದ್ದು ಗದ್ದೆಯ ಕಡೆ ಹೋದರು. ಬಹಳ ದಿನ ಅಮ್ಮನ ಜೊತೆ ಮಾತು ಬಿಟ್ಟಿದ್ದರು.

ನಾನು ಓದಿದೆ. ಮಣಿಪಾಲದಲ್ಲಿ ಕೆಲಸ ಹಿಡಿದೆ, ಸಣ್ಣದೊಂದು ಮನೆಯನ್ನೂ ಕಟ್ಟಿಸಿದೆ.

ಎಂಬತ್ತರ ದಶಕದ ಕೊನೆಗೆ ಮೇಡಂ ಹಾಸಿಗೆ ಹಿಡಿದರು. ನೋಡಲು ಹೋದೆ. ಕಟಪಾಡಿಯಲ್ಲಿ ಅವರ ತಮ್ಮನ ಮನೆ, ಹಿಂದಿನ ಕತ್ತಲೆ ಕೋಣೆ. ಆ ಮನೆ ಎದ್ದದ್ದು ಇವರ ಸಂಬಳದಿಂದ ಎಂದು ನನಗೆ ತಿಳಿದದ್ದು ಅಂದೇ. ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹೊದಿಕೆಯ ಅಡಿಯಲ್ಲಿ ಅವರ ಪಾದಗಳು ಆಡುತ್ತಲೇ ಇದ್ದವು.

"ಬೀಗದ ಕೈ ಯಾರ ಹತ್ತಿರ ಉಂಟು?" ಎಂದರು, ಸಣ್ಣಗೆ.

ಚೀಲದಿಂದ ನನ್ನ ಮನೆಯ ಕೀಲಿಕೈ ತೆಗೆದು ಅವರ ಅಂಗೈಯಲ್ಲಿಟ್ಟೆ. ಮುಷ್ಟಿ ಬಿಗಿಯಾಯಿತು. ಪಾದಗಳು ನಿಂತವು.

ಮೇಡಂ ಆ ವಾರವೇ ತೀರಿಕೊಂಡರು. ಕೀಲಿಕೈಯನ್ನು ನಾನು ತಿರುಗಿ ಕೇಳಿರಲಿಲ್ಲ. ಅದನ್ನು ಕೊಟ್ಟು ಬಂದ ಸಂಜೆಯೇ ಪಕ್ಕದ ಮನೆಯಿಂದ ಸುತ್ತಿಗೆ ತಂದು, ನನ್ನ ಮನೆಯ ಬೀಗವನ್ನು ನಾನೇ ಒಡೆದಿದ್ದೆ.