ಕಾಪಿ ಪೆನ್ಸಿಲಿನ ತಿದ್ದುಪಡಿ

ಹುಣಸೂರಿನ ಚರ್ಚಿನ ಹಳೆಯ ಬೀರು ಖಾಲಿ ಮಾಡುವಾಗ ಸಿಕ್ಕಿತೆಂದು ಕಳೆದ ವಾರ ಒಂದು ರಾಗದ ಪುಸ್ತಕವನ್ನು ನನಗೆ ತಂದುಕೊಟ್ಟರು. ತೆರೆದೊಡನೆ ನುಸಿಗುಳಿಗೆಯ ವಾಸನೆ. ನಡುವಿನ ಒಂದು ಪುಟದ ತುಂಬ ನೇರಳೆ ಬಣ್ಣದ ಗೀಟುಗಳು. ಕಾಪಿ ಪೆನ್ಸಿಲಿನವು. ಅದರ ಮೊನೆಯನ್ನು ನಾಲಿಗೆಗೆ ತಾಗಿಸಿ ಬರೆದರೆ ಬರೆದದ್ದು ನೇರಳೆಯಾಗುತ್ತಿತ್ತು. ನಮ್ಮ ಗಾಯನದ ಮೇಷ್ಟ್ರ ನಾಲಿಗೆಯೂ ಹಾಗೇ ಇರುತ್ತಿತ್ತು, ನೇರಳೆ ಹಣ್ಣಿನ ಕಾಲವಲ್ಲದಾಗಲೂ...

ಐವತ್ತರ ದಶಕದ ಮಾತು. ನಾನಾಗ ಮೈಸೂರಿನ ಒಂದು ಪತ್ರಿಕೆಗೆ ಊರಿನ ಸುದ್ದಿ ಬರೆದು ಕಳಿಸುತ್ತಿದ್ದೆ. ಭಾನುವಾರ ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತಿದ್ದೆ. ಮೇಷ್ಟ್ರು ಎಂಟು ತಿಂಗಳು ಮೈಸೂರಿನಲ್ಲಿ ಪಿಯಾನೋ ಕಲಿತು ಬಂದಿದ್ದರು. ಆ ಎಂಟು ತಿಂಗಳನ್ನು ಮರೆಯಲು ಅವರು ಯಾರನ್ನೂ ಬಿಡಲಿಲ್ಲ. ಹಾರ್ಮೋನಿಯಂ ಮುಂದೆ ಕೂರುವ ಮೊದಲು, ಉದ್ದ ಬಾಲದ ಕೋಟು ತೊಟ್ಟ ಪಿಯಾನೋ ವಾದಕರ ಹಾಗೆ, ಕೋಟಿನ ಹಿಂಬದಿಯನ್ನು ಎರಡೂ ಕೈಯಿಂದ ಎತ್ತಿ ಕೂರುತ್ತಿದ್ದರು. ಆ ಕೋಟು ಸೊಂಟದವರೆಗೂ ಬರುತ್ತಿರಲಿಲ್ಲ.

ನಮ್ಮಲ್ಲಿ ಒಂದು ಕೀರ್ತನೆಯನ್ನು ಹಳೆಯ ಇಂಗ್ಲಿಷ್ ರಾಗದಲ್ಲಿ ಹಾಡುವ ರೂಢಿಯಿತ್ತು. ಯಾವ ಕಾಲದಲ್ಲೋ ಬಂದ ಬಿಳಿಯ ಪಾದ್ರಿಗಳು ಕಲಿಸಿದ ರಾಗ. ಪ್ರತಿ ಸಾಲಿನ ಕೊನೆಯ ಸ್ವರ ತುಂಬ ಉದ್ದ. ಅದನ್ನು ನಾವು ಎಳೆದು ಹಿಡಿದಿದ್ದಾಗ ಕಟ್ಟೆಮಳಲವಾಡಿಯಿಂದ ನಡೆದು ಬರುತ್ತಿದ್ದ ಒಬ್ಬ ಅಜ್ಜಿ ಮುಂದಿನ ಸಾಲನ್ನು ಗಟ್ಟಿಯಾಗಿ ಹೇಳಿಕೊಡುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಕೀರ್ತನೆಗಳೆಲ್ಲ ಬಾಯಿಗೆ ಬರುತ್ತಿದ್ದವು. ಚಾಪೆಯ ಮೇಲೆ ಕೂತ ಹಳ್ಳಿಯವರು, ಅವರೂ ಓದು ಬಾರದವರು, ಆ ಸಾಲನ್ನು ಹಿಡಿದುಕೊಂಡು ಹಾಡುತ್ತಿದ್ದರು. ಆ ಅಜ್ಜಿಯನ್ನು ನಾವು ಸಾಲಿನಜ್ಜಿ ಎನ್ನುತ್ತಿದ್ದೆವು.

ಬಿಷಪ್ಪರು ಬರುವ ಸುದ್ದಿ ಬಂತು. ಈಗಿನ ಕಾಲದ ಕ್ವಾಯರಿಗೆ ತಕ್ಕ ಹಾಗೆ ರಾಗವನ್ನು ತಿದ್ದಬೇಕೆಂದು ಮೇಷ್ಟ್ರು ಇದೇ ಪುಸ್ತಕ ಹಿಡಿದು ಕೂತರು. ನಾಲ್ಕು ದನಿ ಸೇರಿಸಿದರು. ಅದರಲ್ಲಿ ಎರಡು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಉದ್ದ ಸ್ವರಗಳನ್ನೆಲ್ಲ ಹೊಡೆದುಹಾಕಿದರು. ಅಚ್ಚು ಹಾಕಿದವನ ತಪ್ಪಂತೆ. ತಾವು ಮಾಡಿದ್ದಕ್ಕೆ ಅವರು ಇಟ್ಟ ಹೆಸರು ‘ತಿದ್ದುಪಡಿ’. ಆ ಮಾತನ್ನು ಹೇಳುವಾಗ ಕಣ್ಣು ಮುಚ್ಚುತ್ತಿದ್ದರು.

ಬಿಷಪ್ಪರು ಬಂದ ಭಾನುವಾರ ಮೊದಲ ಸಾಲು ಮುಗಿಯಿತು. ಅಜ್ಜಿ ವಾಡಿಕೆಯಂತೆ ಎರಡನೆಯ ಸಾಲು ಎತ್ತಿದರು. ಅಷ್ಟರಲ್ಲಿ ನಾವು ಆ ಸಾಲಿನ ಅರ್ಧದಲ್ಲಿದ್ದೆವು. ಬಿಷಪ್ಪರು ತಿರುಗಿ ನೋಡಿದರು. ಮೇಷ್ಟ್ರು ಒಂದು ಕೈಯಲ್ಲಿ ಬಾರಿಸುತ್ತಲೇ ಇನ್ನೊಂದು ಕೈ ಎತ್ತಿ, “ಶ್!” ಎಂದರು, ಕೋಳಿ ಓಡಿಸುವವರ ಹಾಗೆ. ಅಜ್ಜಿ ಸುಮ್ಮನಾದರು. ಚಾಪೆಯವರೂ ಸುಮ್ಮನಾದರು.

ಆರಾಧನೆ ಮುಗಿದ ಮೇಲೆ ಅಜ್ಜಿ ಬಾಗಿಲಲ್ಲಿ ಮೇಷ್ಟ್ರನ್ನು ತಡೆದರು.

“ಮೇಷ್ಟ್ರೇ, ಮಧ್ಯ ಜಾಗಾನೇ ಬುಡ್ನಿಲ್ವಲ್ಲ. ನಾನು ಎಲ್ಲಿ ಯೋಳ್ಕೊಡ್ಲಿ?”

“ಅದು ನಾಲ್ಕು ದನಿ ಹಾಡು ಕಣಮ್ಮ. ಸಂತೆ ಅಲ್ಲ, ಬೇಕಾದವರು ಬೇಕಾದಾಗ ಕೂಗೋದಕ್ಕೆ.”

“ಸಂತೇಲೂ ಒಬ್ರು ಕೂಗಿ ಮುಗ್ಸೋಗಂಟ ಇನ್ನೊಬ್ರು ಕಾಯ್ತಾರೆ ಕಣಪ್ಪ.”

ಪಕ್ಕದಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮೇಷ್ಟ್ರ ಕಿವಿ ಕೆಂಪಾಯಿತು. “ಬರೋ ವಾರದಿಂದ ಬಾಯಿ ಮುಚ್ಚಿಕೊಂಡು ಕೇಳಿ, ಸಾಕು,” ಎಂದರು.

ಅಜ್ಜಿ ಹಾಗೇ ಮಾಡಿದರು. ಕೆಲವು ವಾರ ಬಂದರು, ಹಿಂದಿನ ಚಾಪೆಯಲ್ಲಿ ತುಟಿ ಬಿಗಿದು ಕೂತರು, ಆಮೇಲೆ ಬರಲಿಲ್ಲ. ಹಳ್ಳಿಯವರು ಬರುತ್ತಿದ್ದರು, ಹಾಡುತ್ತಿರಲಿಲ್ಲ. ಒಂದು ದಿನ ಮೇಷ್ಟ್ರು ನನ್ನ ಬಳಿ ಬಂದು, “ಗಮನಿಸಿದಿರಾ? ಈಗ ಒಂದೂ ಅಪಸ್ವರವಿಲ್ಲ,” ಎಂದು ಹಿಗ್ಗಿದರು. ಅಪಸ್ವರ ಎಲ್ಲಿಂದ ಬರಬೇಕು? ಆ ಮನುಷ್ಯ ಒಂದು ಸಭೆಯ ಬಾಯಿ ಮುಚ್ಚಿಸಿ, ಆ ನಿಶ್ಶಬ್ದವನ್ನು ಸಂಗೀತವೆಂದುಕೊಂಡಿದ್ದರು.

ತಿಳಿಯದೆ ಮಾಡಿದರು ಎಂದು ಇಷ್ಟು ವರ್ಷ ಅವರಿಗೆ ಒಂದಿಷ್ಟು ರಿಯಾಯಿತಿ ಕೊಟ್ಟಿದ್ದೆ. ಮೊನ್ನೆ ಪುಟವನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಉದ್ದ ಸ್ವರದ ಪಕ್ಕದ ಅಂಚಿನಲ್ಲಿ, ಅವರಿಗಿಂತ ಹಿಂದಿನವರು ಯಾರೋ ಮಸಿಯಲ್ಲಿ ಬರೆದ ಸಣ್ಣ ಅಕ್ಷರಗಳಿವೆ: ‘ಇಲ್ಲಿ ಸಾಲು ಹೇಳಿಕೊಡುವುದು.’ ಆ ಅಕ್ಷರಗಳ ಮೇಲೂ ನೇರಳೆ ಗೀಟು ಹಾದುಹೋಗಿದೆ, ನೇರವಾಗಿ, ಎರಡು ಸಲ. ಓದಿಯೇ ಹೊಡೆದಿದ್ದಾರೆ.

ಮೇಷ್ಟ್ರು ಹೋಗಿ ಬಹಳ ಕಾಲವಾಯಿತು. ಅಜ್ಜಿ ಯಾವಾಗ ತೀರಿಕೊಂಡರೆಂಬುದು ನನಗೆ ತಿಳಿಯದು. ನಾನು ಕೇಳಲೂ ಇಲ್ಲ... ಆ ರಾಗ ಈಗಲೂ ನನಗೆ ಬರುತ್ತದೆ. ಮೊದಲ ಸಾಲು ಹಾಡಿ ನಿಲ್ಲುತ್ತೇನೆ. ಪುಸ್ತಕ ಕೈಯಲ್ಲಿಲ್ಲದಾಗ ಎರಡನೆಯದು ಅಜ್ಜಿ ಹೇಳಿಕೊಡದೆ ನನಗೆಂದೂ ಬಂದದ್ದಿಲ್ಲ.

ಬಿಷಪ್ಪರ ಭೇಟಿಯ ವರದಿಯನ್ನು ಪತ್ರಿಕೆಗೆ ಬರೆದವನು ನಾನೇ. ‘ಸುಧಾರಿತ ಗಾಯನಕ್ಕೆ ಸಭೆಯವರೆಲ್ಲರೂ ದನಿಗೂಡಿಸಿದರು’ ಎಂದು ಬರೆದಿದ್ದೆ. ಪತ್ರಿಕೆಯವರು ತಪ್ಪು ಸುದ್ದಿಯನ್ನು ಸರಿಪಡಿಸುವುದಕ್ಕೂ ತಿದ್ದುಪಡಿ ಎಂದೇ ಹೆಸರು. ತಡವಾದರೂ ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ: ಆ ದಿನ ಹಾಡಿದವರು ಗಾಯನ ತಂಡದ ಹನ್ನೆರಡು ಜನ. ಸಭೆ ಹಾಡಲಿಲ್ಲ.